ಪ್ಲಾಸ್ಮಾದಲ್ಲಿ ವೈರಸ್ ಎಷ್ಟಿದೆ? ಲ್ಯಾಬಿನ ಅಂಕಿಗಳನ್ನು ಇಂಟರ್‌ನ್ಯಾಷನಲ್ ಯೂನಿಟ್‌ಗೆ ತರುವ ಬಗೆ

ಒಂದೇ ದಾನಿಯ ಪ್ಲಾಸ್ಮಾವನ್ನು ಎರಡು ಲ್ಯಾಬ್‌ಗಳಿಗೆ ಕಳಿಸಿ ನೋಡಿ. ಒಂದು ಕಡೆಯಿಂದ ಮಿಲಿಲೀಟರಿಗೆ 20,000 ಕಾಪಿ (ವೈರಸ್ಸಿನ ಜೀನೋಮಿನ ಪ್ರತಿ) ಎಂದು ವರದಿ ಬರಬಹುದು, ಇನ್ನೊಂದು ಕಡೆಯಿಂದ 80,000 ಎಂದು. ಯಾರೂ ಕೆಲಸ ಕೆಡಿಸಿರುವುದಿಲ್ಲ, ಇಬ್ಬರ ಕಂಟ್ರೋಲ್‌ಗಳೂ ಸರಿಯಾಗಿಯೇ ಬಂದಿರುತ್ತವೆ. ಆದರೂ ನಾಲ್ಕು ಪಟ್ಟು ವ್ಯತ್ಯಾಸ. ಇದಕ್ಕಿಂತ ದೊಡ್ಡ ಅಂತರಗಳೂ ದಾಖಲಾಗಿವೆ: 2009ರಲ್ಲಿ ಅಮೆರಿಕ, ಕೆನಡಾ ಮತ್ತು ಯುರೋಪಿನ 33 ಲ್ಯಾಬ್‌ಗಳಿಗೆ ಒಂದೇ ಬಗೆಯ ಸೈಟೊಮೆಗಾಲೊವೈರಸ್ ಸ್ಯಾಂಪಲ್‌ಗಳನ್ನು ಹಂಚಿದಾಗ, ಕೆಲವು ಸ್ಯಾಂಪಲ್‌ಗಳಲ್ಲಿ ಅತಿ ಕಡಿಮೆ ಮತ್ತು ಅತಿ ಹೆಚ್ಚು ಉತ್ತರಗಳ ನಡುವೆ 4.3 ಲಾಗ್, (ಒಂದು ಲಾಗ್ ಎಂದರೆ ಹತ್ತು ಪಟ್ಟು) ಅಂದರೆ ಸುಮಾರು 20,000 ಪಟ್ಟು ವ್ಯತ್ಯಾಸ ಕಂಡಿತು.

ಕಾರಣ ಸರಳ. ಡಿಎನ್‌ಎಯನ್ನು ಸುತ್ತು ಸುತ್ತಾಗಿ ಇಮ್ಮಡಿಸಿ ಪತ್ತೆಹಚ್ಚುವ ಪಿಸಿಆರ್ ಯಂತ್ರ ವೈರಸ್ಸನ್ನು ಎಣಿಸುವುದಿಲ್ಲ. ಎಷ್ಟನೇ ಸುತ್ತಿನಲ್ಲಿ ಬೆಳಕಿನ ಸಂಕೇತ ಗೆರೆ ದಾಟಿತು ಎಂಬುದಷ್ಟೇ ಅದಕ್ಕೆ ಗೊತ್ತು. ಆ ಸುತ್ತಿನ ಸಂಖ್ಯೆಯನ್ನು ‘ಇಷ್ಟು ಕಾಪಿ’ ಎಂದು ಬದಲಾಯಿಸಲು ಕ್ಯಾಲಿಬ್ರೇಟರ್, ಅಂದರೆ ಪ್ರಮಾಣ ಮೊದಲೇ ಗೊತ್ತಿರುವ ವಸ್ತು, ಬೇಕು. ಒಬ್ಬರು ಪ್ಲಾಸ್ಮಿಡ್ ಡಿಎನ್‌ಎ ಇಟ್ಟುಕೊಂಡಿರುತ್ತಾರೆ, ಇನ್ನೊಬ್ಬರು ಲ್ಯಾಬಿನಲ್ಲೇ ತಯಾರಿಸಿದ ಆರ್‌ಎನ್‌ಎ ತುಣುಕು, ಮತ್ತೊಬ್ಬರು ಕೋಶಗಳಲ್ಲಿ ಬೆಳೆಸಿದ ವೈರಸ್. ಪ್ಲಾಸ್ಮಿಡ್ ನೇರವಾಗಿ ಟ್ಯೂಬಿಗೆ ಬೀಳುತ್ತದೆ. ರೋಗಿಯ ವೈರಸ್ ಮಾತ್ರ, ಪ್ಲಾಸ್ಮಾದಿಂದ ಡಿಎನ್‌ಎ ಅಥವಾ ಆರ್‌ಎನ್‌ಎ ಬೇರ್ಪಡಿಸುವ ಎಕ್ಸ್‌ಟ್ರಾಕ್ಷನ್ ದಾಟಿ, ದಾರಿಯಲ್ಲಿ ಒಂದಷ್ಟು ಕಳೆದುಕೊಂಡು, ಆರ್‌ಎನ್‌ಎ ಆಗಿದ್ದರೆ ಅದನ್ನು ಡಿಎನ್‌ಎಗೆ ಬದಲಾಯಿಸುವ ರಿವರ್ಸ್ ಟ್ರಾನ್ಸ್‌ಕ್ರಿಪ್ಷನ್ನಿನಲ್ಲಿ ಇನ್ನಷ್ಟು ಕಳೆದುಕೊಂಡು ಅಲ್ಲಿಗೆ ಬರುತ್ತದೆ. ಹೀಗಿರುವಾಗ ‘ಕಾಪಿ’ ಎಂಬುದು ಎಲ್ಲ ಕಡೆ ಒಂದೇ ಅಳತೆಯಾಗಿರಲು ಹೇಗೆ ಸಾಧ್ಯ?

ಈ ಲೇಖನ ನ್ಯಾಟ್ ಪರೀಕ್ಷೆ (ವೈರಸ್ಸಿನ ಡಿಎನ್‌ಎ ಅಥವಾ ಆರ್‌ಎನ್‌ಎಯನ್ನೇ ಹುಡುಕುವ ಪರೀಕ್ಷೆ) ಮಾಡುವ ರಕ್ತನಿಧಿ, ಪ್ಲಾಸ್ಮಾ ಘಟಕ ಮತ್ತು ವೈರಾಲಜಿ ಲ್ಯಾಬಿನವರಿಗೆ. ನಿಮ್ಮ ಅಂಕಿಗಳನ್ನು ಇಂಟರ್‌ನ್ಯಾಷನಲ್ ಯೂನಿಟ್‌ಗೆ, ಅಂದರೆ ಐಯುಗೆ, ಜೋಡಿಸುವುದು ಹೇಗೆ ಎಂದು ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಐಯು ಬಂದದ್ದು ಹೇಗೆ

1994ರ ಹೊತ್ತಿಗೆ ರಕ್ತನಾಳಕ್ಕೆ ಕೊಡುವ ಇಮ್ಯುನೊಗ್ಲೊಬ್ಯುಲಿನ್ನಿನ ಮೂಲಕ ಹೆಪಟೈಟಿಸ್ ಸಿ ಹರಡಿದ ಪ್ರಕರಣಗಳು ಬೆಳಕಿಗೆ ಬಂದವು. ಸೋಂಕು ತಗುಲಿದ ಮೊದಲ ವಾರಗಳಲ್ಲಿ ಪ್ರತಿಕಾಯ ಇನ್ನೂ ಹುಟ್ಟಿರುವುದಿಲ್ಲ, ಆದ್ದರಿಂದ ಪ್ರತಿಕಾಯ ಹುಡುಕುವ ಪರೀಕ್ಷೆ ಅಂಥ ದಾನಿಯನ್ನು ಹಿಡಿಯುವುದಿಲ್ಲ. ಯುರೋಪಿನ ನಿಯಂತ್ರಕರು, ಹಲವು ದಾನಗಳನ್ನು ಬೆರೆಸಿದ ಪ್ಲಾಸ್ಮಾ ಪೂಲ್‌ಗಳಲ್ಲಿ ವೈರಸ್ಸಿನ ಆರ್‌ಎನ್‌ಎಯನ್ನೇ ಹುಡುಕಬೇಕೆಂದು ಹೊರಟರು. ಆಗ ಎದುರಾದ ಪ್ರಶ್ನೆ: ಪರೀಕ್ಷೆ ಎಷ್ಟು ಸೂಕ್ಷ್ಮವಾಗಿರಬೇಕು? ಎಲ್ಲರಿಗೂ ಅನ್ವಯವಾಗುವ ಯೂನಿಟ್ ಇಲ್ಲದೆ ಕನಿಷ್ಠ ಮಿತಿಯನ್ನು ಕಾನೂನಿನಲ್ಲಿ ಬರೆಯಲು ಬರುವುದಿಲ್ಲ.

1997ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಜೈವಿಕ ಮಾನಕೀಕರಣ ತಜ್ಞರ ಸಮಿತಿ ಹೆಪಟೈಟಿಸ್ ಸಿ ಆರ್‌ಎನ್‌ಎಗೆ ಮೊದಲ ಅಂತಾರಾಷ್ಟ್ರೀಯ ಮಾನಕವನ್ನು, ಅಂದರೆ ಎಲ್ಲರೂ ಹೋಲಿಸಿ ನೋಡಬೇಕಾದ ಮೂಲ ವಸ್ತುವನ್ನು, ಒಪ್ಪಿತು. ಜೈವಿಕ ಮಾನಕಗಳನ್ನು ತಯಾರಿಸುವ, ಇಂಗ್ಲೆಂಡಿನ ಪಾಟರ್ಸ್ ಬಾರ್‌ನಲ್ಲಿರುವ ಎನ್‌ಐಬಿಎಸ್‌ಸಿ ತಯಾರಿಸಿದ ಆ ಮಾನಕದ ಸಂಕೇತ 96/790. ಹಲವು ಲ್ಯಾಬ್‌ಗಳಲ್ಲಿ ಪರೀಕ್ಷಿಸಿದ ಮೇಲೆ ಅದಕ್ಕೆ ಮಿಲಿಲೀಟರಿಗೆ 1 ಲಕ್ಷ ಐಯು ಎಂಬ ಬೆಲೆ (ಹಣದ್ದಲ್ಲ, ಅಳತೆಯ ಮೌಲ್ಯ) ಕಟ್ಟಿದರು. ಔಷಧಗಳ ಗುಣಮಟ್ಟದ ನಿಯಮಗ್ರಂಥವಾದ ಯುರೋಪಿಯನ್ ಫಾರ್ಮಕೊಪಿಯಾ 1999ರ ಜುಲೈ 1ರಿಂದ ಪ್ಲಾಸ್ಮಾ ಪೂಲ್‌ಗಳಿಗೆ ಈ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಪ್ರತಿ ರನ್ನಿನಲ್ಲೂ ಮಿಲಿಲೀಟರಿಗೆ 100 ಐಯು ಇರುವ ಪಾಸಿಟಿವ್ ಕಂಟ್ರೋಲ್ ಸಿಗಲೇಬೇಕು ಎಂಬ ಷರತ್ತು ಬಂತು. ಎಚ್‌ಐವಿ-1 ಮತ್ತು ಹೆಪಟೈಟಿಸ್ ಬಿ ಮಾನಕಗಳು 1999ರಲ್ಲಿ, ಪಾರ್ವೊವೈರಸ್ ಬಿ19 ಮಾನಕ 2000ರಲ್ಲಿ, ಹೆಪಟೈಟಿಸ್ ಎ ಮಾನಕ 2003ರಲ್ಲಿ ಬಂದವು. ಹೆಪಟೈಟಿಸ್ ಇ ಆರ್‌ಎನ್‌ಎ ಮಾನಕವನ್ನು ಜರ್ಮನಿಯ ಪೌಲ್ ಎರ್ಲಿಕ್ ಸಂಸ್ಥೆ ತಯಾರಿಸಿತು, ಅದು 2011ರಲ್ಲಿ ಜಾರಿಗೆ ಬಂತು.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಿರಬೇಕು, ಮುಂದಿನ ಕೆಲಸವೆಲ್ಲ ಇದರ ಮೇಲೆ ನಿಂತಿದೆ. ಐಯು ಎಂದರೆ ಅಣುಗಳ ಎಣಿಕೆಯಲ್ಲ. ಆ ಶೀಶೆಯಲ್ಲಿ ಇರುವುದು ಎಷ್ಟೋ ಅದನ್ನೇ ಇಷ್ಟು ಐಯು ಎಂದು ಎಲ್ಲರೂ ಒಪ್ಪಿಕೊಂಡದ್ದು. ‘ನಿಜವಾಗಿ 1 ಐಯುನಲ್ಲಿ ಎಷ್ಟು ಕಾಪಿ?’ ಎಂದು ಕೇಳಿದರೆ, ‘ಯಾವ ಕಿಟ್ಟಿನಲ್ಲಿ?’ ಎಂಬ ಮರುಪ್ರಶ್ನೆಯೇ ಸರಿಯಾದ ಉತ್ತರ. ಹೆಪಟೈಟಿಸ್ ಸಿಯಲ್ಲಿ ಕೆಲವು ಕಿಟ್‌ಗಳ ಪ್ರಕಾರ 1 ಐಯು ಒಂದು ಕಾಪಿಗಿಂತಲೂ ಕಡಿಮೆ, ಕೆಲವದರ ಪ್ರಕಾರ ಐದಕ್ಕೂ ಹೆಚ್ಚು. ಹೆಪಟೈಟಿಸ್ ಬಿಯಲ್ಲಿ ಸಾಮಾನ್ಯವಾಗಿ ಐದರಿಂದ ಆರು ಕಾಪಿ. ಎಚ್‌ಐವಿ-1ರಲ್ಲಿ ಬಹುಬಳಕೆಯ ಕಿಟ್ಟೊಂದರ ಪ್ರಕಾರ ಸುಮಾರು 0.6.

ಹೆಜ್ಜೆ 1: ಸರಿಯಾದ ಮಾನಕ ತರಿಸಿಕೊಳ್ಳಿ, ಜೊತೆಗಿರುವ ಚೀಟಿ ಓದಿ

ಕೇಳಲು ಇದೇನು ಹೇಳಬೇಕಾದ ಮಾತೇ ಎನಿಸಬಹುದು. ಆದರೆ ಎಡವುವವರು ಹೆಚ್ಚಾಗಿ ಇಲ್ಲೇ ಎಡವುತ್ತಾರೆ. ಮಾನಕದ ಶೀಶೆಗಳು ಮುಗಿಯುತ್ತವೆ, ಹೊಸ ತಂಡ (ಬ್ಯಾಚ್) ಬರುತ್ತದೆ, ಹೊಸ ತಂಡದ ಬೆಲೆ ಹಳೆಯದರಂತೆ ಇರಬೇಕೆಂದಿಲ್ಲ. ಎಚ್‌ಐವಿ-1ರ ಮೊದಲ ಮಾನಕ ಮಿಲಿಲೀಟರಿಗೆ 1 ಲಕ್ಷ ಐಯು ಇತ್ತು. ಎರಡನೆಯದು 3,63,078, ಮೂರನೆಯದು 1,85,000. ಹೆಪಟೈಟಿಸ್ ಸಿಯ ನಾಲ್ಕನೆಯದು 2,60,000. ಹಳೆಯ ವರ್ಕ್‌ಶೀಟಿನಲ್ಲಿ ‘1 ಲಕ್ಷ’ ಎಂದು ಹಾಗೇ ಬಿಟ್ಟು ಹೊಸ ಶೀಶೆ ಒಡೆದರೆ, ಮುಂದಿನ ಲೆಕ್ಕವೆಲ್ಲ ಎರಡು ಮೂರು ಪಟ್ಟು ತಪ್ಪುತ್ತದೆ, ಯಾವ ಕಂಟ್ರೋಲೂ ಅದನ್ನು ತೋರಿಸಿಕೊಡುವುದಿಲ್ಲ.

ಚೀಟಿಯಲ್ಲಿ ನೋಡಬೇಕಾದದ್ದು: ಎಷ್ಟು ನೀರಿನಲ್ಲಿ ಕರಗಿಸಬೇಕು, ಬೆಲೆ ಶೀಶೆಗೋ ಮಿಲಿಲೀಟರಿಗೋ, ಯಾವ ಜೀನೊಟೈಪ್ (ವೈರಸ್ಸಿನ ಒಳಬಗೆ), ಕರಗಿಸಿದ ಮೇಲೆ ಎಷ್ಟು ಹೊತ್ತು ಇಡಬಹುದು. 96/790 ಶೀಶೆಯಲ್ಲಿ ಇದ್ದದ್ದು 50,000 ಐಯು. ಅರ್ಧ ಮಿಲಿಲೀಟರ್ ನೀರಿನಲ್ಲಿ ಕರಗಿಸಿದರೆ ಮಾತ್ರ ಮಿಲಿಲೀಟರಿಗೆ 1 ಲಕ್ಷವಾಗುತ್ತದೆ. ಒಂದು ಮಿಲಿಲೀಟರ್ ಹಾಕಿದವನ ಮಾನಕ ಅಲ್ಲಿಗೇ ಅರ್ಧವಾಯಿತು.

ಇವು ಸೋಂಕು ತಗುಲಿಸಬಲ್ಲ ವಸ್ತುಗಳೆಂದೇ ತಿಳಿದು ಕೆಲಸ ಮಾಡಿ. ಒಣಪುಡಿಯಂತೆ ಕಂಡ ಮಾತ್ರಕ್ಕೆ ವೈರಸ್ ಸತ್ತಿದೆ ಎಂದಲ್ಲ.

ಹೆಜ್ಜೆ 2: ದಿನಬಳಕೆಗೆ ನಿಮ್ಮದೇ ಮಾನಕ ಮಾಡಿಕೊಳ್ಳಿ

ಅಂತಾರಾಷ್ಟ್ರೀಯ ಮಾನಕದ ಶೀಶೆಗಳ ಸಂಖ್ಯೆಗೆ ಮಿತಿಯಿದೆ. ಅದನ್ನು ಪ್ರತಿ ರನ್ನಿನ ಕಂಟ್ರೋಲ್ ಆಗಿ ಬಳಸುವುದು ದುಂದು. ಅದರ ಕೆಲಸ ಒಂದೇ, ನಿಮ್ಮ ಎರಡನೇ ಹಂತದ ಮಾನಕಕ್ಕೆ ಬೆಲೆ ಕಟ್ಟಿಕೊಡುವುದು. ದಿನದ ರನ್‌ಗಳೆಲ್ಲ ಆ ಎರಡನೇ ಹಂತದ ಮಾನಕದ ಮೇಲೆ ನಡೆಯಬೇಕು.

ಅದಕ್ಕೆ ಬೇಕಾದದ್ದು ವೈರಸ್ ಹೆಚ್ಚಿರುವ ಒಂದು ಪ್ಲಾಸ್ಮಾ ಮತ್ತು ಸಾಕಷ್ಟು ನೆಗೆಟಿವ್ ಪ್ಲಾಸ್ಮಾ. ನೆಗೆಟಿವ್ ಎಂದರೆ ನೀವು ಅಳೆಯುವ ವೈರಸ್ಸಿಗಷ್ಟೇ ಅಲ್ಲ, ರಕ್ತದಿಂದ ಹರಡುವ ಉಳಿದ ವೈರಸ್‌ಗಳಿಗೂ ಪರೀಕ್ಷಿಸಿ ನೆಗೆಟಿವ್ ಎಂದು ಖಚಿತವಾದದ್ದು. ಇಡಿಟಿಎ ಅಥವಾ ಸಿಟ್ರೇಟ್ ಪ್ಲಾಸ್ಮಾ ತೆಗೆದುಕೊಳ್ಳಿ. ಹೆಪಾರಿನ್ ಪಿಸಿಆರ್ ಅನ್ನು ತಡೆಯುತ್ತದೆ, ಅದನ್ನು ದೂರವಿಡಿ. ನೀರಿನಲ್ಲಿ ಅಥವಾ ಬಫರಿನಲ್ಲಿ ವೈರಸ್ ಬೆರೆಸಿ ಮಾನಕ ಮಾಡುವವರೂ ಇದ್ದಾರೆ. ಅದು ನಿಮ್ಮ ಪರೀಕ್ಷೆಗೆ ಬರುವ ಸ್ಯಾಂಪಲ್ಲಿನಂತೆ ಎಕ್ಸ್‌ಟ್ರಾಕ್ಷನ್ನಿನಲ್ಲಿ ವರ್ತಿಸುವುದಿಲ್ಲ, ಹಾಗಾಗಿ ನಾನು ಅದನ್ನು ಒಪ್ಪುವುದಿಲ್ಲ. ನೀವು ಅಳೆಯುವುದು ಪ್ಲಾಸ್ಮಾ ಆದರೆ ಮಾನಕವೂ ಪ್ಲಾಸ್ಮಾದಲ್ಲೇ ಇರಲಿ.

ಒಂದೇ ಸಲಕ್ಕೆ ದೊಡ್ಡ ತಂಡ ಮಾಡಿ, ಚೆನ್ನಾಗಿ ಬೆರೆಸಿ, ಒಂದು ರನ್ನಿಗೆ ಒಂದು ಟ್ಯೂಬ್ ಸಾಕಾಗುವಷ್ಟು ಚಿಕ್ಕ ಚಿಕ್ಕ ಭಾಗಗಳಾಗಿ ತುಂಬಿ, ಮೈನಸ್ 70 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗೆ ಇಡಿ. ಕರಗಿಸಿದ ಟ್ಯೂಬನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ತುಂಬುವ ಕೆಲಸದ ಮೊದಲು, ನಡು ಮತ್ತು ಕೊನೆಯ ಟ್ಯೂಬ್‌ಗಳನ್ನು ತೆಗೆದು ಪರೀಕ್ಷಿಸಿದರೆ ತಂಡವೆಲ್ಲ ಒಂದೇ ತೆರನಾಗಿದೆಯೇ ಎಂಬುದು ತಿಳಿಯುತ್ತದೆ.

ಹೆಜ್ಜೆ 3: ತೆಳುಗೊಳಿಸುವುದು

ಇಡೀ ಕೆಲಸದಲ್ಲಿ ಹೆಚ್ಚು ಗಮನ ಬೇಡುವುದು ಇದು, ಸಿಗುವುದು ಮಾತ್ರ ಎಲ್ಲಕ್ಕಿಂತ ಕಡಿಮೆ. ಮಾನಕವನ್ನು ನ್ಯೂಕ್ಲಿಯೇಸ್ ಇಲ್ಲದ ನೀರಿನಲ್ಲಿ ಚೀಟಿ ಹೇಳಿದಷ್ಟು ಪ್ರಮಾಣದಲ್ಲಿ ಕರಗಿಸಿ. ಪುಡಿ ಕರಗಿದಂತೆ ಕಂಡ ಕೂಡಲೇ ಕೈ ಹಾಕಬೇಡಿ, ಚೀಟಿಯಲ್ಲಿ ಹೇಳಿದಷ್ಟು ಹೊತ್ತು ನಡುನಡುವೆ ಅಲುಗಿಸುತ್ತ ಬಿಡಿ. ಮುಂದಿನ ಎಲ್ಲ ಡೈಲ್ಯೂಷನ್‌ಗಳನ್ನೂ ನೆಗೆಟಿವ್ ಪ್ಲಾಸ್ಮಾದಲ್ಲೇ ಮಾಡಿ.

ಸಾವಿರ ಪಟ್ಟು ತೆಳುಗೊಳಿಸಬೇಕೆಂದು 1 ಮೈಕ್ರೊಲೀಟರನ್ನು 999ಕ್ಕೆ ಹಾಕುವ ಆಸೆ ಬೇಡ. ಪ್ಲಾಸ್ಮಾ ಜಿಗುಟು, ಟಿಪ್ಪಿನ ಹೊರಗೋಡೆಗೆ ಅಂಟಿದ ಹನಿಯೇ ಒಂದು ಮೈಕ್ರೊಲೀಟರಿಗಿಂತ ಹೆಚ್ಚಿರಬಹುದು. 100 ಮೈಕ್ರೊಲೀಟರನ್ನು 900ಕ್ಕೆ ಹಾಕಿ ಹತ್ತು ಪಟ್ಟು, ಅದನ್ನೇ ಮೂರು ಸಲ ಮಾಡಿ. ಪ್ರತಿ ಸಲ ಹೊಸ ಟಿಪ್, ಪ್ರತಿ ಸಲ ಪೂರ್ತಿ ಬೆರೆಸುವುದು. ಅರ್ಧ ಲಾಗ್ ಹೆಜ್ಜೆ ಬೇಕಿದ್ದರೆ 316 ಮೈಕ್ರೊಲೀಟರಿಗೆ 684 ಸೇರಿಸಿ. ನಿಖರವಾದ ತಕ್ಕಡಿ ಇರುವ ಲ್ಯಾಬಿನವರು ಟ್ಯೂಬನ್ನು ಪ್ರತಿ ಹೆಜ್ಜೆಯಲ್ಲೂ ತೂಗಿ ಬರೆದಿಟ್ಟರೆ ಪಿಪೆಟ್ಟಿನ ಮೇಲಿನ ಅನುಮಾನ ಬಗೆಹರಿಯುತ್ತದೆ.

ನಿಮ್ಮ ಸ್ವಂತ ಮಾನಕವನ್ನೂ ಇದೇ ಪ್ಲಾಸ್ಮಾದಲ್ಲಿ, ಇದೇ ಪಿಪೆಟ್ಟಿನಲ್ಲಿ, ಅದೇ ದಿನ ತೆಳುಗೊಳಿಸಿ. ಎರಡೂ ಸರಣಿಗಳು ಒಂದೇ ರನ್ನಿನಲ್ಲಿ ಅಕ್ಕಪಕ್ಕ ನಡೆಯಬೇಕು. ಸೋಮವಾರ ಮಾನಕ, ಬುಧವಾರ ನಿಮ್ಮದು ಎಂದು ಮಾಡಿದರೆ ಎರಡು ದಿನಗಳ ನಡುವಿನ ವ್ಯತ್ಯಾಸವನ್ನು ನೀವು ಪ್ಲಾಸ್ಮಾಗಳ ವ್ಯತ್ಯಾಸವೆಂದು ಬರೆದಿಟ್ಟುಕೊಳ್ಳುತ್ತೀರಿ. ಎರಡೂ ಸರಣಿಗಳು ಎಕ್ಸ್‌ಟ್ರಾಕ್ಷನ್ನಿನಿಂದಲೇ ಶುರುವಾಗಬೇಕು. ಒಂದೇ ಎಕ್ಸ್‌ಟ್ರಾಕ್ಟನ್ನು ತೆಳುಗೊಳಿಸಿ ಪ್ಲೇಟಿನ ನಾಲ್ಕು ಬಾವಿಗೆ (ವೆಲ್) ಹಾಕಿದರೆ ನಾಲ್ಕು ಉತ್ತರ ಬಂದಂತೆ ಕಾಣುತ್ತದೆ, ಲೆಕ್ಕಕ್ಕೆ ಅದು ಒಂದೇ ಉತ್ತರ.

ಹೆಜ್ಜೆ 4: ಲೆಕ್ಕ

ಲೆಕ್ಕವೆಲ್ಲ ಲಾಗ್‌ನಲ್ಲಿ. ಪಿಸಿಆರ್‌ನ ತಪ್ಪುಗಳು ಕೂಡುವ ತಪ್ಪುಗಳಲ್ಲ, ಗುಣಿಸುವ ತಪ್ಪುಗಳು. 1000, 1000 ಮತ್ತು 8000 ಎಂಬ ಮೂರು ಉತ್ತರ ಬಂದವೆನ್ನಿ. ಸಾಮಾನ್ಯ ಸರಾಸರಿ 3333, ಆದರೆ ಆ ಮಟ್ಟದಲ್ಲಿ ಯಾವ ಉತ್ತರವೂ ಬಂದಿಲ್ಲ, ಒಂದು ಜಿಗಿದ ಅಂಕಿ ಉಳಿದೆರಡನ್ನೂ ಎಳೆದುಕೊಂಡು ಹೋಗಿದೆ. ಲಾಗ್ ತೆಗೆದು ಸರಾಸರಿ ಮಾಡಿದರೆ 2000.

ಈಗ ಪೂರ್ತಿ ಉದಾಹರಣೆ. ಅಂಕಿಗಳು ಲೆಕ್ಕ ತೋರಿಸಲು ನಾನೇ ಇಟ್ಟವು. ಅಂತಾರಾಷ್ಟ್ರೀಯ ಮಾನಕ ಮಿಲಿಲೀಟರಿಗೆ 1 ಲಕ್ಷ ಐಯು, ಅಂದರೆ 5.00 ಲಾಗ್ ಎಂದುಕೊಳ್ಳಿ. ಅದನ್ನು 4.00, 3.50, 3.00, 2.50 ಲಾಗ್ ಐಯುಗೆ ತೆಳುಗೊಳಿಸಿದಿರಿ. ನಿಮ್ಮ ಯಂತ್ರ ಕಾಪಿಗಳಲ್ಲಿ ಕ್ರಮವಾಗಿ 4.44, 3.92, 3.44, 2.92 ಲಾಗ್ ಎಂದು ಓದಿತು. ವ್ಯತ್ಯಾಸಗಳು 0.44, 0.42, 0.44, 0.42. ಸರಾಸರಿ 0.43. ಎಲ್ಲ ಮಟ್ಟದಲ್ಲೂ ವ್ಯತ್ಯಾಸ ಹೆಚ್ಚುಕಡಿಮೆ ಒಂದೇ ಆಗಿರುವುದನ್ನು ಗಮನಿಸಿ. ಮೇಲೆ 0.2, ಕೆಳಗೆ 0.7 ಎಂದು ಬಂದಿದ್ದರೆ ಮುಂದೆ ಹೋಗಬಾರದಿತ್ತು. ಅದು ಇಳಿಜಾರಿನ ದೋಷ, ಮೊದಲು ಪರೀಕ್ಷೆಯನ್ನೇ ಸರಿಪಡಿಸಬೇಕು. ಈ ಉದಾಹರಣೆಯಲ್ಲಿ 0.43 ಲಾಗ್ ಎಂದರೆ ನಿಮ್ಮ ಕಿಟ್ಟಿನ ಸುಮಾರು 2.7 ಕಾಪಿ ಸೇರಿ 1 ಐಯು.

ನಿಮ್ಮ ಸ್ವಂತ ಮಾನಕವನ್ನು 100 ಪಟ್ಟು ತೆಳುಗೊಳಿಸಿದಾಗ ಯಂತ್ರ 3.93 ಓದಿತು, 1000 ಪಟ್ಟು ತೆಳುಗೊಳಿಸಿದಾಗ 2.91. ಎರಡರಿಂದಲೂ 0.43 ಕಳೆಯಿರಿ: 3.50 ಮತ್ತು 2.48. ತೆಳುಗೊಳಿಸಿದ್ದನ್ನು ಮರಳಿ ಕೂಡಿಸಿ, ಮೊದಲನೆಯದಕ್ಕೆ 2, ಎರಡನೆಯದಕ್ಕೆ 3. ಸಿಗುವುದು 5.50 ಮತ್ತು 5.48. ಆ ದಿನದ ಉತ್ತರ 5.49 ಲಾಗ್ ಐಯು.

ಒಂದು ದಿನದ ಉತ್ತರವನ್ನು ನಂಬಿ ಬೆಲೆ ಕಟ್ಟಬೇಡಿ. ಬೇರೆ ಬೇರೆ ದಿನ, ಹೊಸ ಡೈಲ್ಯೂಷನ್, ಸಾಧ್ಯವಾದರೆ ಬೇರೆ ಕೈಗಳಲ್ಲಿ ಕನಿಷ್ಠ ಮೂರು ಸಲ ಮಾಡಿ. ಉಳಿದೆರಡು ದಿನ 5.55 ಮತ್ತು 5.46 ಬಂದರೆ ಸರಾಸರಿ 5.50, ಅಂದರೆ ಮಿಲಿಲೀಟರಿಗೆ ಸುಮಾರು 3,16,000 ಐಯು. ದಿನದಿಂದ ದಿನಕ್ಕೆ ಬಂದ ಹರವು, ಸ್ಟ್ಯಾಂಡರ್ಡ್ ಡೀವಿಯೇಷನ್, 0.05 ಲಾಗ್‌ನಷ್ಟು. ಕಡತದಲ್ಲಿ ‘3,16,228 ಐಯು’ ಎಂದು ಬರೆದು ಇಲ್ಲದ ನಿಖರತೆಯನ್ನು ತೋರಿಸುವ ಬದಲು, ‘5.50 ಲಾಗ್ ಐಯು, ಹರವು 0.05’ ಎಂದು ಬರೆಯಿರಿ. ಯಾವ ತಂಡದ ಅಂತಾರಾಷ್ಟ್ರೀಯ ಮಾನಕ, ಯಾವ ಕಿಟ್, ಯಾವ ಲಾಟ್ ಎಂಬುದೂ ಅದೇ ಸಾಲಿನಲ್ಲಿರಲಿ. ನಾಳೆ ಯಾರಾದರೂ ನಿಮ್ಮ ಅಂಕಿಯಿಂದ ಹಿಂದಕ್ಕೆ ನಡೆದು ಮೂಲ ಶೀಶೆಯವರೆಗೆ ಹೋಗಬೇಕಾದರೆ ದಾರಿ ಇದೊಂದೇ.

ಅಂತಾರಾಷ್ಟ್ರೀಯ ಮಾನಕದ ಬೆಲೆಗೆ ಅನಿಶ್ಚಿತತೆ ಹಚ್ಚುವುದಿಲ್ಲ. ಒಪ್ಪಿಕೊಂಡ ಬೆಲೆ ಅದು, ಅಳೆದದ್ದಲ್ಲ. ಅಲ್ಲಿಂದ ಕೆಳಗೆ ಮಾತ್ರ ಪ್ರತಿ ಹಂತದಲ್ಲೂ ಅನಿಶ್ಚಿತತೆ ಕೂಡುತ್ತ ಹೋಗುತ್ತದೆ. ಆದ್ದರಿಂದ ಎರಡನೇ ಹಂತದ ಮಾನಕದಿಂದ ಮೂರನೆಯದು, ಅದರಿಂದ ನಾಲ್ಕನೆಯದು ಎಂದು ಸರಪಳಿ ಉದ್ದ ಮಾಡಬೇಡಿ. ಹೊಸ ತಂಡ ಬೇಕಾದಾಗ ಮತ್ತೆ ಅಂತಾರಾಷ್ಟ್ರೀಯ ಮಾನಕಕ್ಕೇ ಹೋಗಿ.

ಹೆಜ್ಜೆ 5: ‘ಇದೆ’, ‘ಇಲ್ಲ’ ಎಂದಷ್ಟೇ ಹೇಳುವ ಪರೀಕ್ಷೆಯಾದರೆ

ರಕ್ತನಿಧಿಯ ಸ್ಕ್ರೀನಿಂಗಿನಲ್ಲಿ ಯಂತ್ರ ಅಂಕಿ ಕೊಡುವುದಿಲ್ಲ. ಅಲ್ಲಿ ಐಯು ಬೇಕಾಗುವುದು ಪರೀಕ್ಷೆ ಎಷ್ಟು ಸೂಕ್ಷ್ಮವೆಂದು ಹೇಳಲು. ನೂರಕ್ಕೆ 95 ಸಲ ಸಿಗುವ ಮಟ್ಟ ಯಾವುದೆಂದು ಕಂಡುಹಿಡಿಯಬೇಕು.

ಮಾನಕವನ್ನು ಸಿಗುವ ಮಟ್ಟದಿಂದ ಸಿಗದ ಮಟ್ಟದವರೆಗೆ ತೆಳುಗೊಳಿಸಿ. ಮೂರು ಬೇರೆ ಡೈಲ್ಯೂಷನ್ ಸರಣಿ, ಬೇರೆ ಬೇರೆ ದಿನ, ಪ್ರತಿ ಮಟ್ಟದಲ್ಲಿ ಎಂಟೆಂಟು ಸಲ. ಒಂದು ಮಟ್ಟಕ್ಕೆ 24 ಉತ್ತರಗಳಾದವು, ಯುರೋಪಿಯನ್ ಫಾರ್ಮಕೊಪಿಯಾ ಕೇಳುವುದೂ ಅಷ್ಟನ್ನೇ. ಎಷ್ಟು ಸಲ ಸಿಕ್ಕಿತು ಎಂಬುದರಿಂದ ಮಟ್ಟವನ್ನು ಅಂದಾಜಿಸುವ ಪ್ರೊಬಿಟ್ ಲೆಕ್ಕಕ್ಕೆ ಕೊಟ್ಟರೆ 95 ಶೇಕಡಾ ಮಟ್ಟವೂ ಅದರ ಹರವೂ ಸಿಗುತ್ತವೆ. ನಡುವಿನ ಮಟ್ಟಗಳಲ್ಲಿ ಕೆಲವು ಸಿಕ್ಕು ಕೆಲವು ಸಿಗದಿರಬೇಕು. 24ಕ್ಕೆ 24, ಮುಂದಿನದು 24ಕ್ಕೆ ಸೊನ್ನೆ ಎಂದು ಬಂದರೆ ನಿಮ್ಮ ಹೆಜ್ಜೆಗಳು ಬಹಳ ದೊಡ್ಡವು.

ಬಂದ ಉತ್ತರ ನಂಬುವಂಥದ್ದೇ ಎಂದು ನೋಡಲು ಒಂದು ಅಡ್ಡಲೆಕ್ಕ ಇಟ್ಟುಕೊಳ್ಳಿ. ಟ್ಯೂಬಿಗೆ ಸರಾಸರಿ 3 ಅಣುಗಳು ಬೀಳುವಂತಿದ್ದರೆ ಕನಿಷ್ಠ ಒಂದಾದರೂ ಬೀಳುವ ಸಂಭವ ನೂರಕ್ಕೆ 95. ಅದಕ್ಕಿಂತ ಕಡಿಮೆಯಾದರೆ ಎಷ್ಟೇ ಒಳ್ಳೆಯ ಕಿಟ್ಟೂ 95 ಶೇಕಡಾ ಕೊಡಲಾರದು. ಅರ್ಧ ಮಿಲಿಲೀಟರ್ ಪ್ಲಾಸ್ಮಾ ತೆಗೆದುಕೊಂಡು, 50 ಮೈಕ್ರೊಲೀಟರಿಗೆ ಇಳಿಸಿ, ಅದರಲ್ಲಿ 10ನ್ನು ಮಾತ್ರ ಪಿಸಿಆರ್‌ಗೆ ಹಾಕುತ್ತೀರೆನ್ನಿ. ಟ್ಯೂಬಿಗೆ ಹೋಗುವುದು 0.1 ಮಿಲಿಲೀಟರ್ ಪ್ಲಾಸ್ಮಾಕ್ಕೆ ಸಮ. ಅಂದರೆ ಒಂದು ಅಣುವೂ ವ್ಯರ್ಥವಾಗದಿದ್ದರೂ ಮಿಲಿಲೀಟರಿಗೆ 30 ಕಾಪಿಗಿಂತ ಕೆಳಗೆ ಇಳಿಯಲು ಸಾಧ್ಯವಿಲ್ಲ. ಇದೇ ವಿಧಾನದಲ್ಲಿ ಯಾರಾದರೂ 5 ಕಾಪಿ ಎಂದು ಹೇಳಿಕೊಂಡರೆ ಡೈಲ್ಯೂಷನ್ನಿನಲ್ಲೋ ಲೆಕ್ಕದಲ್ಲೋ ಏನೋ ತಪ್ಪಿದೆ.

95 ಶೇಕಡಾ ಮಟ್ಟ ಗೊತ್ತಾದ ಮೇಲೆ ದಿನದ ಪಾಸಿಟಿವ್ ಕಂಟ್ರೋಲನ್ನು ಅದರ ಮೂರು ಪಟ್ಟಿನಲ್ಲಿಡಿ. 20 ಐಯು ಆದರೆ 60. ಅಷ್ಟರಲ್ಲಿ ಅದು ಪ್ರತಿ ಸಲವೂ ಸಿಗಬೇಕು, ಆದರೂ ಎಕ್ಸ್‌ಟ್ರಾಕ್ಷನ್ ಕೈಕೊಟ್ಟ ದಿನ ಮುಚ್ಚಿಡುವಷ್ಟು ಗಟ್ಟಿಯೂ ಆಗಿರುವುದಿಲ್ಲ. ಹತ್ತು ಸಾವಿರ ಐಯು ಇರುವ ಕಂಟ್ರೋಲ್ ಪ್ರತಿದಿನ ಪಾಸಾಗುತ್ತದೆ, ನೋಡಲು ಚೆಂದ, ನಿಮಗೆ ಅದರಿಂದ ತಿಳಿಯುವುದು ಏನೂ ಇಲ್ಲ.

ಪೂಲ್ ಇದ್ದರೆ ಭಾಗಾಕಾರ ಮರೆಯಬೇಡಿ

ಜರ್ಮನಿಯ ನಿಯಂತ್ರಕರು ಒಂದೊಂದು ದಾನದಲ್ಲಿ ಮಿಲಿಲೀಟರಿಗೆ 5000 ಐಯು ಹೆಪಟೈಟಿಸ್ ಸಿ ಆರ್‌ಎನ್‌ಎ ಇದ್ದರೆ ಅದು ಸಿಗಲೇಬೇಕು ಎಂದು ವಿಧಿಸಿದರು, ಎಚ್‌ಐವಿ-1ಕ್ಕೆ 10,000 ಐಯು. ಈ ಮಿತಿ ಒಂದು ದಾನಕ್ಕೆ, ಪೂಲಿಗಲ್ಲ. 96 ದಾನಗಳನ್ನು ಸೇರಿಸಿ ಪರೀಕ್ಷಿಸಿದರೆ 5000ವನ್ನು 96ರಿಂದ ಭಾಗಿಸಿ, ಪೂಲಿನಲ್ಲಿ ಸುಮಾರು 52 ಐಯು ಸಿಗುವಂಥ ಪರೀಕ್ಷೆ ಬೇಕು. 16ರ ಪೂಲಾದರೆ 312 ಸಾಕು. ಲ್ಯಾಬಿನ ಬೋರ್ಡಿನಲ್ಲಿ ಬರೆದಿಡುವಾಗ ಇದು ಪೂಲಿನ ಮಟ್ಟವೋ ದಾನದ ಮಟ್ಟವೋ ಎಂದು ಬರೆಯದ ಸಂಖ್ಯೆಗೆ ಅರ್ಥವೇ ಇಲ್ಲ.

ಪಾರ್ವೊವೈರಸ್ ಬಿ19ರಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಕಡಿಮೆ ಇದ್ದರೆ ಬಿಡಬಹುದು, ಹೆಚ್ಚಿದ್ದರೆ ತೆಗೆದುಹಾಕಬೇಕು. ಈ ವೈರಸ್ಸಿಗೆ ಕೊಬ್ಬಿನ ಹೊದಿಕೆ ಇಲ್ಲ, ಆದ್ದರಿಂದ ಆ ಹೊದಿಕೆಯನ್ನು ಕರಗಿಸಿ ವೈರಸ್ ಕೊಲ್ಲುವ ಸಾಲ್ವೆಂಟ್-ಡಿಟರ್ಜೆಂಟ್ ಅದನ್ನು ಕೊಲ್ಲುವುದಿಲ್ಲ. ಆರೋಗ್ಯವಂತನಂತೆ ಕಾಣುವ ದಾನಿಯಲ್ಲೂ ಮಿಲಿಲೀಟರಿಗೆ ಲಕ್ಷ ಕೋಟಿಯ ಮಟ್ಟಕ್ಕೆ, 12 ಲಾಗ್‌ಗೆ, ಏರಬಹುದು. ಅಂಥ ಒಂದು ದಾನ ಹತ್ತು ಸಾವಿರ ದಾನಗಳ ಪೂಲಿಗೆ ಬಿದ್ದರೂ 8 ಲಾಗ್ ಉಳಿಯುತ್ತದೆ. ಉತ್ಪಾದನಾ ಪೂಲಿನ ಮಿತಿ 4 ಲಾಗ್, ಅಂದರೆ ಮಿಲಿಲೀಟರಿಗೆ 10,000 ಐಯು. ಇಲ್ಲಿ ನಿಮ್ಮ ಪರೀಕ್ಷೆ ತೀರಾ ಸೂಕ್ಷ್ಮವಾಗಿರುವುದಕ್ಕಿಂತ 10,000ದ ಆಸುಪಾಸಿನಲ್ಲಿ ನಿಖರವಾಗಿ ಅಳೆಯುವುದು ಮುಖ್ಯ. ಕ್ಯಾಲಿಬ್ರೇಷನ್ನಿನ ಮಟ್ಟಗಳನ್ನೂ ಆ ಮಿತಿಯ ಎರಡೂ ಬದಿಯಲ್ಲಿ ಆರಿಸಿಕೊಳ್ಳಿ.

ಹೆಜ್ಜೆ 6: ಮಾನಕ ಮತ್ತು ನಿಜವಾದ ಸ್ಯಾಂಪಲ್ ಒಂದೇ ತೆರ ವರ್ತಿಸುತ್ತವೆಯೇ?

ಎರಡು ಕಿಟ್‌ಗಳು ಮಾನಕದ ಮೇಲೆ ಒಪ್ಪಿಕೊಂಡು ರೋಗಿಗಳ ಸ್ಯಾಂಪಲ್ಲಿನ ಮೇಲೆ ಜಗಳ ಮಾಡಬಹುದು. ಎರಡು ಕಾರಣ ಸಾಮಾನ್ಯ. ಒಂದು, ಜೀನೊಟೈಪ್. ಮಾನಕದಲ್ಲಿರುವುದು ಒಂದು ಬಗೆಯ ವೈರಸ್, ನಿಮ್ಮ ದಾನಿಗಳಲ್ಲಿ ಬೇರೆ ಬಗೆ ಇದ್ದು ಪ್ರೈಮರ್ (ಪಿಸಿಆರ್ ಆರಂಭಿಸುವ ಚಿಕ್ಕ ಡಿಎನ್‌ಎ ತುಣುಕು) ಸರಿಯಾಗಿ ಕೂರದಿದ್ದರೆ ಐಯು ಉಪಯೋಗಕ್ಕೆ ಬರುವುದಿಲ್ಲ. ಇದಕ್ಕೆಂದೇ ಎಚ್‌ಐವಿ-1 ಉಪವರ್ಗಗಳ ಮತ್ತು ಬಿ19 ಜೀನೊಟೈಪ್‌ಗಳ ಪ್ಯಾನೆಲ್‌ಗಳಿವೆ. ಎರಡು, ವೈರಸ್ ಇರುವ ರೂಪ. ಸೈಟೊಮೆಗಾಲೊವೈರಸ್ಸಿನ ಮಾನಕದಲ್ಲಿ ಇಡೀ ವೈರಸ್ ಇದೆ, ರೋಗಿಯ ಪ್ಲಾಸ್ಮಾದಲ್ಲಿ ಹೆಚ್ಚಿನದು ಚೂರು ಚೂರಾದ ಡಿಎನ್‌ಎ. ಉದ್ದದ ತುಣುಕನ್ನು ಹುಡುಕುವ ಪಿಸಿಆರ್ ಮಾನಕದಲ್ಲಿ ಚೆನ್ನಾಗಿ ಓದಿ ರೋಗಿಯಲ್ಲಿ ಕಡಿಮೆ ಓದುತ್ತದೆ. 2010ರಲ್ಲಿ ಆ ವೈರಸ್ಸಿಗೆ ಅಂತಾರಾಷ್ಟ್ರೀಯ ಮಾನಕ ಬಂದ ಮೇಲೂ ಲ್ಯಾಬ್‌ಗಳ ನಡುವಿನ ಅಂತರ ಪೂರ್ತಿ ಹೋಗದಿರಲು ಇದೊಂದು ಕಾರಣ.

ನೋಡಿಕೊಳ್ಳುವುದು ಕಷ್ಟವಲ್ಲ. ಬೇರೆ ಬೇರೆ ಮಟ್ಟದ ಒಂದಷ್ಟು ನಿಜವಾದ ಸ್ಯಾಂಪಲ್‌ಗಳನ್ನು ಎರಡು ವಿಧಾನಗಳಲ್ಲಿ ಅಳೆದು ಗ್ರಾಫಿನಲ್ಲಿ ಹಾಕಿ. ಮಾನಕದ ಬಿಂದುಗಳೂ ಅದೇ ಗ್ರಾಫಿನಲ್ಲಿರಲಿ. ಮಾನಕ ಸ್ಯಾಂಪಲ್‌ಗಳ ಗುಂಪಿನ ನಡುವೆ ಕೂತರೆ ಸರಿ. ದೂರ ಕೂತರೆ, ಐಯುಗೆ ಬದಲಾಯಿಸುವುದರಿಂದ ಎರಡು ವಿಧಾನಗಳು ಹತ್ತಿರವಾಗುವ ಬದಲು ಇನ್ನೂ ದೂರವಾಗಬಹುದು.

ಹೆಜ್ಜೆ 7: ಕಾವಲು

ಬೆಲೆ ಕಟ್ಟಿದ ಮಾನಕವನ್ನು ಪ್ರತಿ ರನ್ನಿನಲ್ಲೂ ಹಾಕಿ, ಉತ್ತರವನ್ನು ಲಾಗ್‌ನಲ್ಲಿ ಚಾರ್ಟಿನ ಮೇಲೆ ಗುರುತಿಸಿ. ಸರಾಸರಿಯಿಂದ ಎರಡು ಸ್ಟ್ಯಾಂಡರ್ಡ್ ಡೀವಿಯೇಷನ್ ದಾಟಿದರೆ ಎಚ್ಚರ, ಮೂರು ದಾಟಿದರೆ ರನ್ ನಿಲ್ಲಿಸಿ. ಒಂದು ಬಿಂದು ಹೊರಗೆ ಹೋಗುವುದಕ್ಕಿಂತ ಹೆಚ್ಚು ಹೇಳುವುದು, ಬಿಂದುಗಳೆಲ್ಲ ಗೆರೆಯೊಳಗೇ ಇದ್ದು ಮೆಲ್ಲಗೆ ಒಂದೇ ಕಡೆ ಇಳಿಯುತ್ತ ಹೋಗುವುದು. ಶೀಶೆಯಲ್ಲಿ ವೈರಸ್ ಕೆಡುತ್ತಿರಬಹುದು, ಕಿಟ್ ಲಾಟ್ ಬದಲಾಗಿರಬಹುದು. ಹೊಸ ಲಾಟ್ ಬಂದಾಗ ಹಳೆಯದರ ಜೊತೆ ಒಂದೇ ದಿನ ಓಡಿಸಿ ಹೋಲಿಸದೆ ಬಳಕೆಗೆ ಬಿಡಬೇಡಿ. ಅಂತಾರಾಷ್ಟ್ರೀಯ ಮಾನಕದ ಹೊಸ ತಂಡ ಬಂದಾಗಲೂ ಹೀಗೇ.

ಎಕ್ಸ್‌ಟ್ರಾಕ್ಷನ್ ಪ್ಲೇಟಿನಲ್ಲಿ ಹೆಚ್ಚು ವೈರಸ್ ಇರುವ ಸ್ಯಾಂಪಲ್ ಮತ್ತು ನೆಗೆಟಿವ್ ಸ್ಯಾಂಪಲ್‌ಗಳನ್ನು ಒಂದು ಬಿಟ್ಟು ಒಂದರಂತೆ ಜೋಡಿಸಿ ಆಗಾಗ ಓಡಿಸುವುದು ಒಳ್ಳೆಯದು. ನೆಗೆಟಿವ್ ಬಾವಿಯಲ್ಲಿ ಏನಾದರೂ ಕಂಡರೆ, ಕ್ಯಾಲಿಬ್ರೇಷನ್ ಎಷ್ಟೇ ಚೆನ್ನಾಗಿದ್ದರೂ ಕೆಲಸಕ್ಕೆ ಬಾರದು.

ಹೆಜ್ಜೆ 8: ವರದಿ

ಅಂಕಿಯನ್ನು ಐಯು/ಮಿ.ಲೀ. ಎಂದು ಬರೆದು ಪಕ್ಕದಲ್ಲಿ ಲಾಗ್ ಕೊಡಿ. ಅಳತೆಯ ಕೆಳಮಿತಿಗಿಂತ ಕಡಿಮೆ ಇದ್ದು ವೈರಸ್ ಸಿಕ್ಕಿದ್ದರೆ ‘ಪತ್ತೆಯಾಗಿದೆ, ಅಳತೆಯ ಮಿತಿಗಿಂತ ಕಡಿಮೆ’ ಎಂದೂ, ಸಿಕ್ಕಿಲ್ಲವಾದರೆ ‘ಪತ್ತೆಯಾಗಿಲ್ಲ’ ಎಂದೂ ಬೇರೆ ಬೇರೆಯಾಗಿ ಬರೆಯಿರಿ. ಎರಡಕ್ಕೂ ಸೊನ್ನೆ ಹಾಕುವುದು ಸಲ್ಲದು.

ಹೆಪಟೈಟಿಸ್ ಬಿ ಮತ್ತು ಸಿಯಲ್ಲಿ ಚಿಕಿತ್ಸೆಯ ಮಾರ್ಗಸೂಚಿಗಳೇ ಐಯುಗೆ ಬಂದಿವೆ. ಹೆಪಟೈಟಿಸ್ ಬಿಯಲ್ಲಿ 2000 ಮತ್ತು 20,000 ಐಯು ಎಂಬ ಗೆರೆಗಳನ್ನು ವೈದ್ಯರು ದಿನವೂ ಬಳಸುತ್ತಾರೆ. ಎಚ್‌ಐವಿ ಕ್ಲಿನಿಕ್‌ಗಳು ಮಾತ್ರ ಕಾಪಿ ಬಿಟ್ಟಿಲ್ಲ, 50, 200, 1000 ಕಾಪಿ ಎಂಬ ಗೆರೆಗಳೇ ಅಲ್ಲಿ ನಡೆಯುತ್ತಿವೆ. ರಕ್ತ ಸುರಕ್ಷತೆಯ ಕಡತದಲ್ಲಿ ಐಯು, ಅದೇ ಕಟ್ಟಡದ ಕ್ಲಿನಿಕ್ಕಿನಲ್ಲಿ ಕಾಪಿ ಎಂಬ ಸ್ಥಿತಿ ಇದೆ. ಆ ವರದಿಗಳಲ್ಲಿ ಎರಡನ್ನೂ ಕೊಟ್ಟು, ಯಾವ ಕಿಟ್ಟಿನ ಯಾವ ಅನುಪಾತ ಬಳಸಿದಿರಿ ಎಂದು ಒಂದು ಸಾಲು ಸೇರಿಸಿ.

ಉಳಿಯುವುದು ಹಳೆಯ ದಾಖಲೆಗಳು. ಕಾಪಿಗಳಲ್ಲಿರುವ ಹಳೆಯ ಅಂಕಿಯನ್ನು ಐದರಿಂದ ಭಾಗಿಸಿ ಐಯು ಎಂದು ತಿದ್ದಿ ಬರೆಯಬೇಡಿ. ಆಗಿನ ಕಿಟ್ಟಿನ ಅನುಪಾತ ಖಚಿತವಾಗಿ ಗೊತ್ತಿದ್ದರೆ ಮಾತ್ರ, ಮೂಲ ಅಂಕಿಯನ್ನು ಹಾಗೇ ಉಳಿಸಿ ಪಕ್ಕದಲ್ಲಿ ‘ಲೆಕ್ಕದಿಂದ ಬಂದದ್ದು’ ಎಂದು ಬರೆಯಬಹುದು. ಫ್ರೀಜರಿನಲ್ಲಿ ಆ ರೋಗಿಯ ಹಳೆಯ ಸ್ಯಾಂಪಲ್ ಇದ್ದರೆ ಅದಕ್ಕಿಂತ ಒಳ್ಳೆಯ ದಾರಿ ಉಂಟು: ಹೊಸ ಸ್ಯಾಂಪಲ್ಲಿನ ಜೊತೆ ಅದನ್ನೂ ಒಂದೇ ರನ್ನಿನಲ್ಲಿ ಅಳೆಯಿರಿ. ವ್ಯತ್ಯಾಸ 0.5 ಲಾಗ್, ಅಂದರೆ ಮೂರು ಪಟ್ಟಿಗಿಂತ ಕಡಿಮೆಯಿದ್ದರೆ, ವೈರಸ್ ಏರಿದೆ ಅಥವಾ ಇಳಿದಿದೆ ಎಂದು ವೈದ್ಯರಿಗೆ ಹೇಳಲು ಹೋಗಬೇಡಿ.